ಸಂಧಾನಕ್ಕೊಂದು ಕಾಯಂ ಕಚೇರಿ ಬೇಕು

2020ರ ಜನವರಿ 3ರಂದು ಬಾಗ್ದಾದ್‌ನಲ್ಲಿ ಅಮೆರಿಕದ ಡ್ರೋನ್ ದಾಳಿಗೆ ಇರಾನಿನ ಸೇನಾನಿ ಖಾಸಿಂ ಸುಲೇಮಾನಿ ಬಲಿಯಾದರು. ಕೆಲವೇ ತಾಸುಗಳಲ್ಲಿ ಅಮೆರಿಕದ ಸಂದೇಶ ಟೆಹರಾನ್ ಮುಟ್ಟಿತು. ಮುಟ್ಟಿಸಿದ್ದು ಅಲ್ಲಿನ ಸ್ವಿಟ್ಜರ್ಲೆಂಡ್ ರಾಯಭಾರ ಕಚೇರಿ. ಎರಡು ದೇಶಗಳ ರಾಜತಾಂತ್ರಿಕ ಸಂಬಂಧ ಕಡಿದುಹೋದ 1980ರಿಂದಲೂ ಇರಾನಿನಲ್ಲಿ ಅಮೆರಿಕದ ವ್ಯವಹಾರ ನೋಡಿಕೊಳ್ಳುತ್ತಿದ್ದ ಕಚೇರಿ ಅದು. ಐದು ದಿನಗಳ ಬಳಿಕ ಇರಾಕ್‌ನಲ್ಲಿದ್ದ ಅಮೆರಿಕದ ನೆಲೆಗಳ ಮೇಲೆ ಇರಾನ್ ಕ್ಷಿಪಣಿ ಹಾರಿಸಿತು. ಸೈನಿಕರು ಗಾಯಗೊಂಡರು, ಯಾರೂ ಸಾಯಲಿಲ್ಲ. ಜಗಳ ಅಲ್ಲಿಗೆ ನಿಂತಿತು. ಯುದ್ಧ ತಪ್ಪಿಸಿದ ಶ್ರೇಯಸ್ಸನ್ನೆಲ್ಲ ಸ್ವಿಸ್ ಅಧಿಕಾರಿಗಳಿಗೇ ಕೊಡಬೇಕಿಲ್ಲ. ಆದರೆ ಆ ದಿನಗಳಲ್ಲಿ ಯಾರೂ ಹೊಸದಾಗಿ ಸಂಧಾನಕಾರರನ್ನು ಹುಡುಕಿಕೊಂಡು ಹೋಗಬೇಕಾಗಲಿಲ್ಲ.

ನಾರ್ವೆಯ ವಿದೇಶಾಂಗ ಸಚಿವಾಲಯದಲ್ಲಿ ಶಾಂತಿ ಸಂಧಾನಕ್ಕೆಂದೇ ಒಂದು ವಿಭಾಗವಿದೆ. ಶ್ರೀಲಂಕಾ ಸರ್ಕಾರ ಮತ್ತು ಎಲ್‌ಟಿಟಿಇ ನಡುವೆ 2002ರ ಫೆಬ್ರುವರಿಯಲ್ಲಿ ಕದನ ವಿರಾಮ ಮಾಡಿಸಿದ್ದು ನಾರ್ವೆಯೇ. 2009ರ ಹೊತ್ತಿಗೆ ಆ ಪ್ರಯತ್ನ ಸಂಪೂರ್ಣ ಮಣ್ಣುಪಾಲಾಗಿತ್ತು. ಆದರೆ ನಾರ್ವೆ ತನ್ನ ಸೋಲಿನ ಬಗ್ಗೆ ಹೊರಗಿನ ವಿದ್ವಾಂಸರಿಂದ ಪರಾಮರ್ಶೆ ನಡೆಸಿ, 2011ರಲ್ಲಿ ಆ ವರದಿಯನ್ನು ಬಹಿರಂಗಪಡಿಸಿತು. ಇಂಥ ದಾಖಲೆಯಿಂದ ಮುಂದಿನ ಅಧಿಕಾರಿ ಕಲಿಯುವುದು ಬಹಳಷ್ಟಿರುತ್ತದೆ.

ನಮ್ಮಲ್ಲಿ ಅನುಭವಕ್ಕೇನೂ ಬರವಿರಲಿಲ್ಲ. ಕೊರಿಯಾ ಯುದ್ಧದ ಕೊನೆಯ ತೊಡಕು ಯುದ್ಧ ಕೈದಿಗಳದು: ಸ್ವದೇಶಕ್ಕೆ ಮರಳಲೊಲ್ಲದವರನ್ನು ಏನು ಮಾಡಬೇಕು? 1952ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆ ಒಪ್ಪಿದ, ವಿ.ಕೆ. ಕೃಷ್ಣ ಮೆನನ್ ಮುಂದಿಟ್ಟ ಸೂತ್ರವನ್ನು ಚೀನಾ ಮೊದಲು ತಳ್ಳಿಹಾಕಿತು. ಮರುವರ್ಷ ಹೆಚ್ಚುಕಡಿಮೆ ಅದೇ ಜಾಡಿನಲ್ಲಿ ಒಪ್ಪಂದವಾಯಿತು. ಮರಳಲೊಲ್ಲದ ಕೈದಿಗಳ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷತೆ ಭಾರತಕ್ಕೆ ಬಂತು. ಆ ಕುರ್ಚಿಯಲ್ಲಿ ಕೂತವರು ಕೊಡಗಿನ ಕೆ.ಎಸ್. ತಿಮ್ಮಯ್ಯ. ಭಾರತೀಯ ಯೋಧರು ತನ್ನ ನೆಲ ಮೆಟ್ಟಕೂಡದೆಂದು ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಹಟ ಹಿಡಿದಿದ್ದರಿಂದ ನಮ್ಮ ಸೈನಿಕರನ್ನು ಹಡಗಿನಿಂದ ಹೆಲಿಕಾಪ್ಟರ್‌ನಲ್ಲಿ ಸೇನಾರಹಿತ ವಲಯಕ್ಕೆ ಸಾಗಿಸಬೇಕಾಯಿತು. ಅಲ್ಲಿ ಅವರು 22 ಸಾವಿರಕ್ಕೂ ಹೆಚ್ಚು ಕೈದಿಗಳನ್ನು ಕಾದರು. ಎರಡೂ ಬಣಗಳು ಆಯೋಗವನ್ನು ದೂರಿದವು. ಶಿಬಿರಗಳಲ್ಲಿ ದೊಂಬಿ ಎದ್ದಿತು. ಆದರೂ ಕದನ ವಿರಾಮ ಮುರಿಯಲಿಲ್ಲ.

1965ರ ಡಿಸೆಂಬರ್‌ನಲ್ಲಿ ತಿಮ್ಮಯ್ಯ ತೀರಿಕೊಂಡಿದ್ದೂ ಸೈಪ್ರಸ್‌ನಲ್ಲಿ, ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾಗಿದ್ದಾಗ. ಕೊರಿಯಾದ ಅನುಭವದ ಅವರ ಬರಹ ಪುಸ್ತಕವಾಗಿ ಬೆಳಕು ಕಂಡಿದ್ದು 1981ರಲ್ಲಿ. ಅಂಥ ಅನುಭವ ನಮ್ಮಲ್ಲಿ ವ್ಯಕ್ತಿಗಳ ಜೊತೆ ಉಳಿಯಿತೇ ಹೊರತು ಸಂಸ್ಥೆಯ ಆಸ್ತಿಯಾಗಲಿಲ್ಲ. ಸಂಧಾನವನ್ನೇ ಕಸುಬಾಗಿಸಿಕೊಂಡ ವಿಭಾಗ ನಮ್ಮ ವಿದೇಶಾಂಗ ಸಚಿವಾಲಯದಲ್ಲಿ ಇವತ್ತಿಗೂ ಇಲ್ಲ.

ಕಾಶ್ಮೀರದ ವಿಷಯದಲ್ಲಿ ಮೂರನೆಯವರು ಬೇಡವೆನ್ನುವ ನಾವು ಬೇರೆಯವರ ನಡುವೆ ಹೇಗೆ ಹೋಗುವುದು ಎಂಬ ಅಳುಕು ದೆಹಲಿಯಲ್ಲಿರಬಹುದು. ಅದು ಗಟ್ಟಿ ವಾದವಲ್ಲ. 1960ರ ಸಿಂಧೂ ಜಲ ಒಪ್ಪಂದ ಕುದುರಿದ್ದು ವಿಶ್ವಬ್ಯಾಂಕಿನ ಮಧ್ಯಸ್ಥಿಕೆಯಲ್ಲಿ. 1966ರ ತಾಷ್ಕೆಂಟ್ ಮಾತುಕತೆಗೆ ಸೋವಿಯತ್ ಪ್ರಧಾನಿ ಕೊಸಿಗಿನ್ ಕೂತಿದ್ದರು. ಬಂದವರನ್ನು ಒಪ್ಪುವುದೂ ಬಿಡುವುದೂ ಆಯಾ ದೇಶದ ಹಕ್ಕು. ಕರೆದಾಗ ಹೋಗಲು ಸಿದ್ಧರಿರುವುದು ಬೇರೆಯೇ ಮಾತು.

ಕಚೇರಿಯಿದ್ದ ಮಾತ್ರಕ್ಕೆ ಯುದ್ಧ ನಿಲ್ಲುತ್ತದೆಂದು ನಾನು ಹೇಳುವುದಿಲ್ಲ. 2025ರ ಜೂನ್‌ನಲ್ಲಿ ಒಮಾನ್ ಮಧ್ಯಸ್ಥಿಕೆಯ ಅಮೆರಿಕ-ಇರಾನ್ ಮಾತುಕತೆ ಇನ್ನೂ ನಡೆಯುತ್ತಿರುವಾಗಲೇ ಇರಾನ್ ಮೇಲೆ ಇಸ್ರೇಲ್ ದಾಳಿ ಮಾಡಿತು. ಹಾಗಂತ ಮಸ್ಕತ್‌ನ ಬಾಗಿಲು ಮುಚ್ಚಿದ್ದರೆ ಯಾರಿಗೆ ಲಾಭವಾಗುತ್ತಿತ್ತು? ಬೇರೆಯವರಂತೂ ಸುಮ್ಮನೆ ಕೂತಿಲ್ಲ: ಆ ದಾಳಿಗೆ ಸುಮಾರು ಎರಡು ವಾರ ಮುಂಚೆ ಚೀನಾ ಹಾಂಗ್‌ಕಾಂಗ್‌ನಲ್ಲಿ 30ಕ್ಕೂ ಹೆಚ್ಚು ದೇಶಗಳ ಸಹಿಯೊಂದಿಗೆ ಅಂತರರಾಷ್ಟ್ರೀಯ ಸಂಧಾನ ಸಂಸ್ಥೆಯೊಂದಕ್ಕೆ ಅಡಿಪಾಯ ಹಾಕಿತು.

ನಮ್ಮ ಆರಂಭಕ್ಕೆ ದೊಡ್ಡ ಮೊತ್ತವೇನೂ ಬೇಡ. ಎರಡು ಮೂರು ವರ್ಷಕ್ಕೊಮ್ಮೆ ವರ್ಗವಾಗದೆ ದೀರ್ಘಕಾಲ ಉಳಿಯುವ, ನೆರೆಯ ಭಾಷೆಗಳನ್ನು ಬಲ್ಲ ಹತ್ತಿಪ್ಪತ್ತು ಅಧಿಕಾರಿಗಳು ಸಾಕು. ಕೊರಿಯಾದಿಂದಲೂ, 1954ರ ನಂತರ ನಾವು ಅಧ್ಯಕ್ಷತೆ ವಹಿಸಿದ್ದ ಇಂಡೋಚೈನಾ ಆಯೋಗಗಳಿಂದಲೂ ಬಂದ ಕಡತಗಳನ್ನು ಅವರ ಮೇಜಿಗೆ ತರಿಸಿ ಓದಿಸುವುದು ಮೊದಲ ಕೆಲಸವಾಗಬೇಕು.