ಇಬ್ಬರು ಕುಳಿತು ಕಲಿಯುವ ಗಣಕಭಾಷೆ



ನಮ್ಮ ಅನೇಕ ಮನೆಗಳಲ್ಲಿ ಸಾಫ್ಟ್‌ವೇರ್ ಕಂಪನಿಯ ನೌಕರಿಯಲ್ಲಿರುವ ಮಗನೋ ಸೊಸೆಯೋ ಇದ್ದಾರೆ. ನೌಕರಿಯ ಆದೇಶ ಬಂದ ದಿನ ಓಣಿಗೆಲ್ಲ ಪೇಡೆ ಹಂಚಿದ ಹಿರಿಯರು, ಐದಾರು ವರ್ಷಗಳ ತರುವಾಯ ಅದೇ ಮಗ ಊಟ ಮುಗಿಸಿ ಮತ್ತೆ ಪಾಠಕ್ಕೆ ಕೂರುವುದನ್ನು ಕಂಡು, ‘ಓದು ಮುಗಿಯಿತಲ್ಲವೇನಪ್ಪ, ಇನ್ನೇನು ಉಳಿದಿದೆ?’ ಎಂದು ಕೇಳುತ್ತಾರೆ. ಉಳಿದಿರುವುದು ಬಹಳವಿದೆ. ಟೆಸ್ಟಿಂಗ್ ವಿಭಾಗದಲ್ಲಿರುವವರನ್ನೇ ನೋಡಿರಿ. ಬೇರೊಬ್ಬರು ಬರೆದ ಪ್ರೋಗ್ರಾಮನ್ನು ತೆರೆದು, ಒಂದೊಂದೇ ಗುಂಡಿ ಒತ್ತಿ, ಅದು ಎಲ್ಲಿ ಎಡವುತ್ತದೆಂದು ಬರೆದಿಡುವುದು ಅವರ ಕೆಲಸ. ಇಂಥ ಪರೀಕ್ಷೆಯ ದೊಡ್ಡ ಪಾಲನ್ನು ಈಗ ಮತ್ತೊಂದು ಪ್ರೋಗ್ರಾಮೇ ಮಾಡಬಲ್ಲದು. ಅದನ್ನು ಬರೆಯಬಲ್ಲವರಿಗೆ ಮುಂದಿನ ಮೆಟ್ಟಿಲು. ಬರೆಯಲಾರದವರಿಗೆ ನಿಂತ ಮೆಟ್ಟಿಲೂ ಭದ್ರವಲ್ಲ. ಮನೆಯ ಸಾಲದ ಕಂತು, ಮಕ್ಕಳ ಶಾಲೆಯ ಶುಲ್ಕ ಎಲ್ಲವೂ ಈ ಒಂದು ಕಲಿಕೆಯನ್ನು ನಂಬಿಕೊಂಡಿರುವುದುಂಟು.

ಹೀಗೆ ಕಲಿಯಹೊರಟವರಲ್ಲಿ ಅನೇಕರು ಆರಿಸಿಕೊಳ್ಳುವ ಭಾಷೆ ಪೈಥಾನ್. ಹಾಲೆಂಡಿನ ಗೀಡೊ ವಾನ್ ರಾಸಮ್ ಎಂಬವರು ಆಮ್‌ಸ್ಟರ್‌ಡ್ಯಾಮಿನ ಗಣಿತ ಮತ್ತು ಗಣಕ ಸಂಶೋಧನಾ ಕೇಂದ್ರದಲ್ಲಿದ್ದಾಗ 1989ರ ಡಿಸೆಂಬರಿನಲ್ಲಿ ಇದರ ರಚನೆಗೆ ತೊಡಗಿ, 1991ರಲ್ಲಿ ಲೋಕಕ್ಕೆ ಬಿಟ್ಟರು. ಹೆಸರು ಹೆಬ್ಬಾವಿನದಲ್ಲ, ಬ್ರಿಟನ್ನಿನ ಒಂದು ಹಾಸ್ಯ ಕಾರ್ಯಕ್ರಮದ್ದು. ಪಡೆಯಲು ಒಂದು ರೂಪಾಯಿಯ ವೆಚ್ಚವೂ ಇಲ್ಲ. ಸಾಲಿನ ಆರಂಭದಲ್ಲಿ ಎಷ್ಟು ಜಾಗ ಬಿಟ್ಟಿದ್ದೇವೆ ಎಂಬುದಕ್ಕೂ ಈ ಭಾಷೆಯಲ್ಲಿ ಅರ್ಥವಿದೆ. ಛಂದಸ್ಸಿನಲ್ಲಿ ಮಾತ್ರೆ ಎಣಿಸಿದವರಿಗೆ ಇದು ವಿಚಿತ್ರವೆನಿಸದು.

ಇದನ್ನು ಒಬ್ಬರೇ ಕುಳಿತೂ ಕಲಿಯಬಹುದು. ಆದರೆ ಹಗಲೆಲ್ಲ ದುಡಿದು ದಣಿದ ಮನಸ್ಸು ಅರ್ಥವಾಗದ ಕಡೆ ನಿಲ್ಲುವುದಿಲ್ಲ, ‘ತಿಳಿಯಿತು’ ಎಂದು ತನಗೆ ತಾನೇ ಹೇಳಿಕೊಂಡು ಮುಂದಿನ ಪುಟಕ್ಕೆ ಹಾರುತ್ತದೆ. ಗೆಳೆಯನೊಬ್ಬ ಎದುರಿಗಿದ್ದರೆ ಈ ಕಳ್ಳತನ ಸಾಗದು. ಮಠದ ಪಾಠಶಾಲೆಗಳಲ್ಲಿ ವ್ಯಾಕರಣ ಓದಿದವರು ಬಲ್ಲರು, ಗುರುಗಳ ಪಾಠ ಮುಗಿದ ಮೇಲೆ ಸಹಪಾಠಿಗಳು ‘ಚಿಂತನೆ’ಗೆ ಕೂರುತ್ತಿದ್ದರು. ಒಬ್ಬನು ಸೂತ್ರವನ್ನು ಅನ್ವಯಿಸಿದರೆ ಇನ್ನೊಬ್ಬನು ಅದು ಅಲ್ಲಿ ಏಕೆ ಸಲ್ಲದೆಂದು ಆಕ್ಷೇಪಿಸಬೇಕು. ಗಣಕಭಾಷೆ ಕಲಿಯುವವರಿಗೂ ಜೊತೆಗಾರನಿಂದ ಆಗಬೇಕಾದದ್ದು ಈ ಆಕ್ಷೇಪವೇ. ಹುರಿದುಂಬಿಸುವ ಮಾತು ಎರಡನೆಯದು.

ಒಂದು ನಿದರ್ಶನ ಕೊಡುತ್ತೇನೆ. ಪೈಥಾನಿನಲ್ಲಿ ಸಾಮಾನುಗಳ ಒಂದು ಪಟ್ಟಿಯನ್ನು ಮಾಡಿ ಅದಕ್ಕೆ ‘ಹಳೆಯದು’ ಎಂದು ಹೆಸರಿಡಿರಿ. ಆಮೇಲೆ ‘ಹೊಸದು ಎಂದರೆ ಹಳೆಯದು’ ಎಂಬರ್ಥದ ಒಂದು ಸಾಲನ್ನು ಬರೆದು, ‘ಹೊಸದು’ ಪಟ್ಟಿಗೆ ಬೆಲ್ಲವನ್ನು ಸೇರಿಸಿರಿ. ಈಗ ‘ಹಳೆಯದು’ ಪಟ್ಟಿಯನ್ನು ತೆಗೆದು ನೋಡಿದರೆ ಅಲ್ಲಿಯೂ ಬೆಲ್ಲವಿದೆ! ಕಲಿಯುವವನು ಬೆಚ್ಚುತ್ತಾನೆ. ಒಬ್ಬನೇ ಇದ್ದರೆ ಯಂತ್ರದ ದೋಷವೆಂದು ಬಿಟ್ಟುಬಿಡಬಹುದು. ಜೊತೆಗಾರ ‘ಹಾಗೇಕಾಯಿತು, ಹೇಳು’ ಎಂದು ಪಟ್ಟು ಹಿಡಿದರೆ ಮಾತ್ರ ತತ್ತ್ವ ಹೊರಬೀಳುತ್ತದೆ. ಇಲ್ಲಿ ಹೆಸರೆಂಬುದು ವಸ್ತುವನ್ನು ತುಂಬಿಟ್ಟ ಡಬ್ಬಿಯಲ್ಲ, ವಸ್ತುವಿಗೆ ಅಂಟಿಸಿದ ಚೀಟಿ. ಮನೆಯಲ್ಲಿ ಒಬ್ಬರನ್ನೇ ತಂಗಿ ‘ಅಣ್ಣ’ ಎನ್ನುತ್ತಾಳೆ, ಸೊಸೆ ‘ಮಾವ’ ಎನ್ನುತ್ತಾಳೆ; ಅಣ್ಣ ತಲೆ ಬೋಳಿಸಿಕೊಂಡು ಬಂದರೆ ಮಾವನ ತಲೆಯಲ್ಲಿ ಕೂದಲು ಉಳಿದೀತೆ? ಬೇರೆಯದೇ ಪಟ್ಟಿ ಬೇಕಾದರೆ ಪ್ರತಿ ಮಾಡುವ ಆಜ್ಞೆಯನ್ನು ಪ್ರತ್ಯೇಕವಾಗಿ ಕೊಡಬೇಕು. ಈ ವಿವರಣೆಯನ್ನು ಒಮ್ಮೆ ತನ್ನ ಬಾಯಿಂದ ಹೇಳಿದವನು ಮರೆಯಲಾರ.

ಇಬ್ಬರು ಒಂದೇ ಗಣಕದ ಮುಂದೆ ಕುಳಿತು ಬರೆಯುವ ಕ್ರಮಕ್ಕೆ ವೃತ್ತಿಯಲ್ಲಿಯೂ ಮನ್ನಣೆಯಿದೆ. ಅಮೆರಿಕೆಯ ಕೆಂಟ್ ಬೆಕ್ ಅವರು 1999ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ಪ್ರಬಲವಾಗಿ ಪ್ರತಿಪಾದಿಸಿದರು. ‘ಪೇರ್ ಪ್ರೋಗ್ರಾಮಿಂಗ್’ ಎಂದು ಇದರ ಹೆಸರು. ಒಬ್ಬರ ಕೈ ಕೀಲಿಮಣೆಯ ಮೇಲೆ, ಇನ್ನೊಬ್ಬರ ಕಣ್ಣು ಸಾಲುಗಳ ಮೇಲೆ. ಆಗಾಗ ಸ್ಥಾನ ಬದಲಾಗಬೇಕು. ಈ ಬದಲಾವಣೆಯಲ್ಲಿಯೇ ಅನೇಕ ಜೋಡಿಗಳು ಸೋಲುತ್ತವೆ. ಚುರುಕಾದವನು ಕೀಲಿಮಣೆಯನ್ನು ಬಿಡುವುದಿಲ್ಲ, ನಿಧಾನದವನು ಸಂಕೋಚದಿಂದ ತಲೆಯಾಡಿಸುತ್ತಾನೆ. ತಿಂಗಳು ಕಳೆಯುವಷ್ಟರಲ್ಲಿ ಕಲಿತವನು ಒಬ್ಬ, ನೋಡಿದವನು ಒಬ್ಬ. ಆದುದರಿಂದ ನಿಧಾನದವನೇ ಮೊದಲು ಬರೆಯಲಿ.

ಇದಕ್ಕಿಂತಲೂ ಕಠಿಣವಾದ ಪ್ರಸಂಗ ಮತ್ತೊಂದಿದೆ. ಒಟ್ಟಿಗೆ ಕಲಿತ ಇಬ್ಬರಲ್ಲಿ ಒಬ್ಬನಿಗೆ ಮೊದಲು ಬಡ್ತಿಯೋ ಹೊಸ ಕಂಪನಿಯ ಕರೆಯೋ ಬರುತ್ತದೆ. ಉಳಿದವನು ಪಾಠವನ್ನೂ ಬಿಡುತ್ತಾನೆ, ಸ್ನೇಹವನ್ನೂ ಬಿಡುತ್ತಾನೆ. ಮನೆಯವರು ‘ಅವನಿಗಾಯಿತು, ನಿನಗೇಕೆ ಆಗಲಿಲ್ಲ?’ ಎಂದು ಕೇಳಿ ಗಾಯಕ್ಕೆ ಉಪ್ಪು ಸವರುತ್ತಾರೆ. ಈ ಪ್ರಶ್ನೆಯನ್ನು ಕೇಳದಿರುವುದು ದೊಡ್ಡ ಉಪಕಾರ. ಬಹಳ ಕಂಪನಿಗಳಲ್ಲಿ ಒಳಗಿರುವ ನೌಕರರು ಪರಿಚಿತರ ಹೆಸರನ್ನು ಸೂಚಿಸುವ ‘ರೆಫರಲ್’ ಪದ್ಧತಿಯಿದೆ. ಮುಂದೆ ಹೋದ ಗೆಳೆಯನು ಸಂದರ್ಶನದಲ್ಲಿ ಏನು ಕೇಳಿದರು, ತಾನು ಎಲ್ಲಿ ತಡವರಿಸಿದೆ ಎಂಬುದನ್ನೂ ಹೇಳಬಲ್ಲನು. ಅಂಥವನೊಡನೆ ಮಾತು ಬಿಟ್ಟರೆ ನಷ್ಟ ಯಾರಿಗೆ? ಮುಂದೆ ಹೋದವನ ಮೇಲೂ ಒಂದು ಋಣವಿದೆ: ಹೊಸ ಕೆಲಸದ ನೆಪ ಹೇಳಿ ವಾರದ ಪಾಠವನ್ನು ತಪ್ಪಿಸಬಾರದು.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದಂದಿನಿಂದ ಪ್ರೋಗ್ರಾಮನ್ನು ಕೃತಕ ಬುದ್ಧಿಮತ್ತೆಯೇ ಬರೆದುಕೊಡುವಾಗ ಗೆಳೆಯನೇಕೆ ಎನ್ನುವವರಿದ್ದಾರೆ. ಅದು ಬರೆದುಕೊಡುವುದು ನಿಜ, ತಪ್ಪನ್ನೂ ಅಷ್ಟೇ ಧೈರ್ಯದಿಂದ ಬರೆಯುವುದೂ ನಿಜ. ಅದು ಕೊಟ್ಟ ಉತ್ತರವನ್ನು ಸಾಲುಸಾಲಾಗಿ ಇಬ್ಬರೂ ಪ್ರಶ್ನಿಸಿದರೆ ಅದೂ ಒಂದು ಪಾಠವೇ.

ಮನೆಯ ಹಿರಿಯರಲ್ಲಿ ಒಂದು ವಿನಂತಿ. ಮಗ ಗೆಳೆಯನೊಡನೆ ಕೂತರೆ ‘ಓದುತ್ತಿದ್ದಾನೆ’, ಸೊಸೆ ಗೆಳತಿಯೊಡನೆ ಫೋನಿನಲ್ಲಿ ಇದೇ ಪಾಠ ಮಾಡಿದರೆ ‘ಹರಟುತ್ತಿದ್ದಾಳೆ’ ಎನ್ನಬೇಡಿರಿ. ಹೆರಿಗೆಯ ನಂತರ ನೌಕರಿಗೆ ಮರಳುವ ಹೆಣ್ಣುಮಗಳಿಗೆ ರಾತ್ರಿ ಒಂಬತ್ತರಿಂದ ಹತ್ತರವರೆಗಿನ ಆ ಒಂದು ಗಂಟೆ ದೊಡ್ಡ ಆಸರೆ. ಕೂಸನ್ನು ಆಗ ಅದರ ತಂದೆ ನೋಡಿಕೊಳ್ಳಲಿ.

ಮೊದಲ ಅಭ್ಯಾಸಕ್ಕೆ ಮನೆಯ ಕಿರಾಣಿ ಲೆಕ್ಕವೇ ಸಾಕು. 2008ರಲ್ಲಿ ಬಂದ ಮೂರನೆಯ ಆವೃತ್ತಿಯಿಂದ ಪೈಥಾನಿನಲ್ಲಿ ನಾವಿಡುವ ಹೆಸರುಗಳನ್ನು ಕನ್ನಡ ಲಿಪಿಯಲ್ಲಿಯೇ ಬರೆಯಬಹುದು, ಆಜ್ಞಾಪದಗಳು ಮಾತ್ರ ಇಂಗ್ಲಿಷಿನವು. ‘ಅಕ್ಕಿ’, ‘ಬೇಳೆ’, ‘ಬಾಕಿ’ ಎಂದೇ ಬರೆದು ಒಬ್ಬರು ತಿಂಗಳ ಮೊತ್ತ ತೆಗೆಯಲಿ. ಇನ್ನೊಬ್ಬರು ಬೆಲೆಯ ಜಾಗವನ್ನು ಖಾಲಿ ಬಿಟ್ಟು, ಸಂಖ್ಯೆಯ ಬದಲು ಅಕ್ಷರ ಕೊಟ್ಟು, ಸೊನ್ನೆಗಿಂತ ಕಡಿಮೆಯ ತೂಕ ಕೊಟ್ಟು ಅದನ್ನು ಕೆಡಿಸಿ ನೋಡಲಿ. ವರ್ಷಗಟ್ಟಲೆ ಟೆಸ್ಟಿಂಗ್ ಮಾಡಿದವರಿಗೆ ಆ ವಿದ್ಯೆಯನ್ನಂತೂ ಯಾರೂ ಹೇಳಿಕೊಡಬೇಕಾಗಿಲ್ಲ.