ಹೊಸ ಶಾಲಾ ಕಟ್ಟಡ ಚಂದ, ಮಾಸ್ತರರ ಮಾತು ಕೇಳಿಸಬೇಕಲ್ಲ?

ಕಾಸರಗೋಡು: ಜೂನ್ ಬಂತೆಂದರೆ ಜಿಲ್ಲೆಯಲ್ಲಿ ಶಾಲೆಯ ಗಂಟೆ ಮತ್ತು ಮಳೆ ಒಟ್ಟಿಗೇ ಶುರು. ಕೆಲವು ವರ್ಷಗಳಿಂದ ಕಿಫ್‌ಬಿ ಹಣದಲ್ಲಿ ಸರಕಾರಿ ಶಾಲೆಗಳಿಗೆ ಕಾಂಕ್ರೀಟಿನ ಹೊಸ ಕಟ್ಟಡಗಳು ಬಂದಿವೆ. ನೆಲಕ್ಕೆ ಟೈಲ್ಸ್, ಗೋಡೆಗೆ ನುಣುಪು ಪೈಂಟ್, ಪಾಠಕ್ಕೆ ಪ್ರೊಜೆಕ್ಟರ್. ಆದರೆ ಕೊನೆಯ ಬೆಂಚಿನ ಮಗುವಿಗೆ ಅಧ್ಯಾಪಕರ ಮಾತು ಸ್ಪಷ್ಟವಾಗಿ ಕೇಳಿಸುತ್ತದೆಯೇ ಎಂಬುದು ಉದ್ಘಾಟನೆಯ ದಿನ ಯಾರಿಗೂ ನೆನಪಾಗುವ ಪ್ರಶ್ನೆಯಲ್ಲ.

ಲೆಕ್ಕ ಕಷ್ಟದ್ದೇನೂ ಅಲ್ಲ. 1895ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಹೊಸ ಉಪನ್ಯಾಸ ಸಭಾಂಗಣವೊಂದರಲ್ಲಿ ಆಡಿದ ಮಾತು ಐದು ಸೆಕೆಂಡಿಗೂ ಹೆಚ್ಚು ಹೊತ್ತು ಅನುರಣಿಸುತ್ತಿತ್ತು. ವ್ಯಾಲೇಸ್ ಸೇಬಿನ್ ಎಂಬ ಯುವ ಪ್ರಾಧ್ಯಾಪಕರು ಪಕ್ಕದ ರಂಗಮಂದಿರದ ಮೆತ್ತೆಗಳನ್ನು ರಾತ್ರಿ ಹೊತ್ತು ತಂದಿಟ್ಟು ಅಳೆದು ನೋಡಿ, ಕೋಣೆಯ ಗಾತ್ರಕ್ಕೂ ಶಬ್ದ ಹೀರುವ ಮೇಲ್ಮೈಗೂ ಇರುವ ಸಂಬಂಧವನ್ನು ಸೂತ್ರಕ್ಕಿಳಿಸಿದರು. ಅದೇ ಸೂತ್ರವನ್ನು ಆರು ಮೀಟರ್ ಉದ್ದಗಲದ, ಮೂರೂವರೆ ಮೀಟರ್ ಎತ್ತರದ ಕಾಂಕ್ರೀಟ್ ತರಗತಿಗೆ ಹಾಕಿದರೆ, ಕಿಟಿಕಿ ತೆರೆದಿದ್ದು 30 ಮಕ್ಕಳು ಕುಳಿತಾಗಲೂ ಮಾತು ಸುಮಾರು ಒಂದು ಸೆಕೆಂಡು ಉಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 0.6 ಸೆಕೆಂಡು. ಕಿಟಿಕಿ ಮುಚ್ಚಿದರೆ ಸ್ಥಿತಿ ಇನ್ನೂ ಕೆಡುತ್ತದೆ, ತೆರೆದರೆ ಹೊರಗಿನ ಗದ್ದಲ ಒಳಗೆ.

ಈ ಜಿಲ್ಲೆಯ ಕನ್ನಡ ಶಾಲೆಗಳಿಗೆ ಇದು ಬರೇ ಸೌಕರ್ಯದ ವಿಷಯವಲ್ಲ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಮರಾಠಿ ಆಡುವ ಮಗು ಕನ್ನಡ ಕಲಿಯುವುದು ತರಗತಿಯಲ್ಲಿ. ಮನೆಮಾತಲ್ಲದ ಭಾಷೆಯನ್ನು ಗದ್ದಲದಲ್ಲಿ ಗ್ರಹಿಸುವುದು ಹೆಚ್ಚು ಕಷ್ಟ ಎಂಬುದು ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ಗೊತ್ತಿರುವ ಭಾಷೆಯಾದರೆ ತಪ್ಪಿದ ಅಕ್ಷರವನ್ನು ಮನಸ್ಸು ತುಂಬಿಕೊಳ್ಳುತ್ತದೆ. ಕಲಿಯುತ್ತಿರುವ ಭಾಷೆಯಲ್ಲಿ ಅದು ಸಾಧ್ಯವಾಗದು. ಅಲ್ಪಪ್ರಾಣ-ಮಹಾಪ್ರಾಣದ ವ್ಯತ್ಯಾಸವೇ ಕೇಳಿಸದಿದ್ದರೆ ಡಿಕ್ಟೇಶನ್ ತಪ್ಪಿಗೆ ಮಗುವನ್ನು ಗದರಿ ಏನು ಫಲ? ಕನ್ನಡ ಬಲ್ಲ ಅಧ್ಯಾಪಕರೇ ಬೇಕೆಂದು ಹೋರಾಡಿದ ಊರಿನಲ್ಲಿ, ಬಂದ ಅಧ್ಯಾಪಕರ ಕನ್ನಡ ಗೋಡೆಗೆ ಬಡಿದು ಹಾಳಾಗಬಾರದು.

ಇನ್ನು ರಾಷ್ಟ್ರೀಯ ಹೆದ್ದಾರಿ 66. ರಸ್ತೆ 45 ಮೀಟರಿಗೆ ಅಗಲವಾದಾಗ ಅಂಚಿನ ಶಾಲೆಗಳಿಗೆ ವಾಹನಗಳ ಸದ್ದೂ ಹತ್ತಿರವಾಯಿತು. ಮೌನ ವಲಯದಲ್ಲಿ ಹಗಲಿನ ಮಿತಿ 50 ಡೆಸಿಬೆಲ್. ಆದರೆ 2017ರ ತಿದ್ದುಪಡಿಯ ಬಳಿಕ ರಾಜ್ಯ ಸರಕಾರ ಅಧಿಸೂಚನೆ ಹೊರಡಿಸಿದರಷ್ಟೇ ಅದು ಮೌನ ವಲಯ. ಒಂದು ಸಾಲು ಗಿಡ ನೆಟ್ಟರೆ ಸದ್ದು ಕಡಿಮೆಯಾಗುತ್ತದೆ ಎಂಬುದು ಕಣ್ಣಿಗೆ ಸಮಾಧಾನ ಅಷ್ಟೆ. ಕಿಟಿಕಿಗೂ ರಸ್ತೆಗೂ ನಡುವಿನ ನೇರ ನೋಟ ತಡೆಯುವಷ್ಟು ಎತ್ತರದ, ಸಂದಿಯಿಲ್ಲದ ಗೋಡೆ ಬೇಕು. ರಸ್ತೆ ಕಡೆಗೆ ಮೆಟ್ಟಿಲು, ಸ್ಟೋರ್, ಶೌಚಾಲಯ, ಹಿಂದಕ್ಕೆ ತರಗತಿ ಎಂದು ನಕ್ಷೆಯಲ್ಲೇ ಬದಲಿಸಿಕೊಂಡರೆ ಅದಕ್ಕೆ ಪ್ರತ್ಯೇಕ ಖರ್ಚು ಹೆಚ್ಚೇನೂ ಇಲ್ಲ.

ಶೀಟ್ ಮಾಡಿನ ಕಥೆ ಬೇರೆಯೇ. ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ ಬೀಳುವ ಊರಿನಲ್ಲಿ ತಗಡಿನ ಕೆಳಗೆ ಪಾಠ ಮಾಡುವುದೆಂದರೆ ಚೆಂಡೆಯ ಎದುರು ತಾಳಮದ್ದಳೆಯ ಅರ್ಥ ಹೇಳಿದಂತೆ. ಹಳೆಯ ಹಂಚಿನ ಮಾಡು ಈ ವಿಷಯದಲ್ಲಿ ಎಷ್ಟೋ ವಾಸಿ.

ತರಗತಿಯ ಸೀಲಿಂಗಿಗೆ ಶಬ್ದ ಹೀರುವ ಹಲಗೆ ಹಾಕಿದರೆ ಅದೇ ಲೆಕ್ಕದಲ್ಲಿ ಅನುರಣನ ಅರ್ಧ ಸೆಕೆಂಡಿಗೆ ಇಳಿಯುತ್ತದೆ. ತೆಂಗಿನ ನಾರೂ ಶಬ್ದ ಹೀರುತ್ತದೆ, ಬೆಂಕಿ ತಡೆಯುವ ಸಂಸ್ಕಾರವಾಗಿರಬೇಕು ಅಷ್ಟೆ. ನಾರಿಗೆ ಕೇರಳದಲ್ಲಿ ಬರಗಾಲವಿಲ್ಲ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಧ್ವನಿ ಮತ್ತು ಶಬ್ದ ನಿಯಂತ್ರಣಕ್ಕೆಂದೇ ಒಂದು ವಿಭಾಗವಿದೆ. ಮುಂದಿನ ಕಟ್ಟಡದ ಎಸ್ಟಿಮೇಟ್ ಪಿಟಿಎ ಸಭೆಗೆ ಬಂದಾಗ, ಆ ವಿಭಾಗದ ಲೆಕ್ಕ ಯಾವ ಪುಟದಲ್ಲಿದೆ ಎಂದು ಇಂಜಿನಿಯರರನ್ನು ಹೆತ್ತವರು ಕೇಳಬಹುದು.