ಬಾಳಿಕೆಗೆ ಕೊಡುವ ಬೆಲೆ, ಹೆಸರಿಗೆ ಕೊಡುವ ಬೆಲೆ

“ಹತ್ತು ಅಗ್ಗದ ಗಡಿಯಾರಗಳಿಗಿಂತ ಒಂದು ಒಳ್ಳೆಯ ಗಡಿಯಾರ ಮೇಲು, ಅದು ಜೀವಮಾನವಿಡೀ ಬಾಳುತ್ತದೆ, ಆದ್ದರಿಂದ ಅದಕ್ಕೆ ಎಷ್ಟು ಲಕ್ಷ ಸುರಿದರೂ ಅದು ದುಂದುವೆಚ್ಚವಲ್ಲ.” ಸ್ವಿಟ್ಜರ್ಲೆಂಡಿನ ದುಬಾರಿ ಕೈಗಡಿಯಾರದ ಮೇಲೆ ಕಣ್ಣಿಟ್ಟಿರುವ ನಮ್ಮ ಅನುಕೂಲಸ್ಥ ಸಹೋದರರು ಮುಂದಿಡುವ ವಾದವಿದು. ಮೂರು ವಾಕ್ಯಗಳಲ್ಲಿ ಮೊದಲನೆಯದು ಸತ್ಯ. ಎರಡನೆಯದು ಅರ್ಧ ಸತ್ಯ. ಮೂರನೆಯದು ಇವೆರಡರ ಬೆನ್ನೇರಿ ಒಳನುಸುಳುವ ಸುಳ್ಳು. ಅಪಾಯವಿರುವುದು ಇಲ್ಲಿಯೇ. ಆಡಂಬರವು ತನ್ನ ಹೆಸರನ್ನೇ ಹೇಳಿಕೊಂಡು ಬಂದರೆ ಅದನ್ನು ಗುರುತಿಸುವುದು ಸುಲಭ; ಮಿತವ್ಯಯದ ವೇಷ ತೊಟ್ಟು ಬಂದಾಗ ಧರ್ಮನಿಷ್ಠರೂ ಎದ್ದು ನಿಂತು ಸ್ವಾಗತಿಸುತ್ತಾರೆ.

ಮೊದಲಿಗೆ ಒಂದು ಮಾತು ಸ್ಪಷ್ಟವಾಗಲಿ. ಒಳ್ಳೆಯ ವಸ್ತುವನ್ನು ಧರಿಸುವುದನ್ನು ಇಸ್ಲಾಮ್ ನಿಷೇಧಿಸಿಲ್ಲ. ಒಳ್ಳೆಯ ಉಡುಪನ್ನೂ ಪಾದರಕ್ಷೆಯನ್ನೂ ಬಯಸುವವನು ಅಹಂಕಾರಿಯೇ ಎಂಬ ಪ್ರಶ್ನೆ ಬಂದಾಗ, ಅಲ್ಲಾಹನು ಸೌಂದರ್ಯವನ್ನು ಮೆಚ್ಚುತ್ತಾನೆ, ಅಹಂಕಾರವೆಂದರೆ ಸತ್ಯವನ್ನು ತಿರಸ್ಕರಿಸಿ ಜನರನ್ನು ಕೀಳಾಗಿ ಕಾಣುವುದು ಎಂಬ ಆಶಯದ ಉತ್ತರವನ್ನು ಪ್ರವಾದಿವರ್ಯರು(ಸ) ನೀಡಿದ್ದರು. ಗಡಿಯಾರವಂತೂ ಮುಸ್ಲಿಮರ ಪಾಲಿಗೆ ಹೊರಗಿನಿಂದ ಬಂದ ಆಟಿಕೆಯಲ್ಲ. ದಮಾಸ್ಕಸ್‌ನ ಉಮವಿ ಮಸೀದಿಯಲ್ಲಿ ನಮಾಝಿನ ಸಮಯ ಗೊತ್ತುಪಡಿಸುತ್ತಿದ್ದ ಇಬ್ನುಶ್ಶಾತಿರ್ 14ನೇ ಶತಮಾನದಲ್ಲಿ ಅಲ್ಲಿನ ಮಿನಾರದ ಮೇಲೆ ಸ್ಥಾಪಿಸಿದ ನೆರಳುಗಡಿಯಾರ ವಿಜ್ಞಾನದ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ಆದ್ದರಿಂದ ಗಡಿಯಾರ ಕಟ್ಟಬೇಕೇ ಬೇಡವೇ ಎಂಬುದು ಇಲ್ಲಿನ ಪ್ರಶ್ನೆಯಲ್ಲ. ಬಾಳಿಕೆ ಎಂಬ ಪದವನ್ನು ಮುಂದಿಟ್ಟು ನಮ್ಮಿಂದ ಏನನ್ನು ಕೊಳ್ಳಿಸಲಾಗುತ್ತಿದೆ ಎಂಬುದೇ ಪ್ರಶ್ನೆ.

ಬಾಳಿಕೆ ಎಲ್ಲಿಂದ ಬರುತ್ತದೆಂದು ನೋಡೋಣ. ಕೈಗಡಿಯಾರದ ಹಳೆಯ ಶತ್ರುಗಳು ನೀರು ಮತ್ತು ಧೂಳು. 1926ರಲ್ಲಿ ರೋಲೆಕ್ಸ್ ಕಂಪನಿ ಆಯ್‌ಸ್ಟರ್ ಎಂಬ ಹೆಸರಿನ, ಕೀಲಿಗುಂಡಿಯನ್ನು ತಿರುಪಿನಂತೆ ಬಿಗಿಯುವ ಪೆಟ್ಟಿಗೆಯನ್ನು ಹೊರತಂದಿತು. ಮರುವರ್ಷ ಮರ್ಸಿಡಿಸ್ ಗ್ಲೈಟ್ಸ್ ಎಂಬ ಈಜುಗಾತಿ ಇಂಗ್ಲಿಷ್ ಕಾಲುವೆಯ ಕೊರೆಯುವ ನೀರಿನಲ್ಲಿ ಗಂಟೆಗಟ್ಟಲೆ ಈಜಿದಾಗ ಆ ಗಡಿಯಾರವೂ ಆಕೆಯ ಜೊತೆಗಿತ್ತು, ನಿಲ್ಲದೆ ನಡೆಯಿತು. ಅದು ನಿಜವಾದ ಸಾಧನೆ. ಅದಕ್ಕೆ ಕೊಟ್ಟ ಬೆಲೆ ಬಾಳಿಕೆಗೆ ಕೊಟ್ಟ ಬೆಲೆ. ಆದರೆ ಅಂದು ಅಪೂರ್ವವಾಗಿದ್ದ ಆ ಗುಣ ಇಂದು ಸಾಮಾನ್ಯ ಸಂಬಳದಾರನ ಗಡಿಯಾರದಲ್ಲೂ ಇದೆ. 1969ರ ಡಿಸೆಂಬರಿನಲ್ಲಿ ಜಪಾನಿನ ಸೀಕೋ ಕಂಪನಿ ಆಸ್ಟ್ರಾನ್ ಎಂಬ ಕ್ವಾರ್ಟ್ಸ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದ ನಂತರ ನಿಖರತೆಯೂ ಶ್ರೀಮಂತರ ಸ್ವತ್ತಾಗಿ ಉಳಿಯಲಿಲ್ಲ. ಸ್ವಿಸ್ ಸಂಸ್ಥೆಯ ಕ್ರೋನೋಮೀಟರ್ ಪ್ರಮಾಣಪತ್ರ ಪಡೆದ ಯಾಂತ್ರಿಕ ಗಡಿಯಾರ ದಿನಕ್ಕೆ ಸರಾಸರಿ 4 ಸೆಕೆಂಡು ಹಿಂದೆ ಬೀಳಬಹುದು ಅಥವಾ 6 ಸೆಕೆಂಡು ಮುಂದೆ ಓಡಬಹುದು. ತಿಂಗಳಿಗೆ ಅದು ಎರಡು ಮೂರು ನಿಮಿಷದ ಲೆಕ್ಕ. ಪೇಟೆಯಲ್ಲಿ ಸಿಗುವ ಸಾಧಾರಣ ಕ್ವಾರ್ಟ್ಸ್ ಗಡಿಯಾರ ಇಡೀ ತಿಂಗಳಲ್ಲಿ ಸುಮಾರು ಅರ್ಧ ನಿಮಿಷದೊಳಗೇ ನಿಲ್ಲುತ್ತದೆ.

ಹಾಗಾದರೆ ನೀರನ್ನೂ ಧೂಳನ್ನೂ ಎಲ್ಲರೂ ಗೆದ್ದ ಮೇಲೆ, ನಿಖರತೆ ಅಗ್ಗವಾದ ಮೇಲೆ, ದುಬಾರಿ ಗಡಿಯಾರ ಮಾರಿದ್ದೇನನ್ನು? ಉತ್ತರ 1972ರಲ್ಲಿ ಸಿಕ್ಕಿತು. ಆಡೆಮಾರ್ ಪಿಗೆ ಕಂಪನಿಯು ಜೆರಾಲ್ಡ್ ಜೆಂಟಾ ವಿನ್ಯಾಸಗೊಳಿಸಿದ ರಾಯಲ್ ಓಕ್ ಎಂಬ ಉಕ್ಕಿನ ಗಡಿಯಾರವನ್ನು ಚಿನ್ನದ ಗಡಿಯಾರಗಳನ್ನೂ ನಾಚಿಸುವ ಬೆಲೆಗೆ ಮಾರಾಟಕ್ಕಿಟ್ಟಿತು. ಉಕ್ಕಿಗೆ ಚಿನ್ನದ ಬೆಲೆ ಕಟ್ಟಬಹುದೆಂದು ಆಗ ಸಾಬೀತಾಯಿತು. ಅದರ ಹೊಳಪಿನ ಅಂಚುಗಳ ಕೆಲಸಗಾರಿಕೆ ಅದ್ಭುತವೇ, ನಿರಾಕರಿಸುವುದಿಲ್ಲ. ಆದರೆ ಅದರ ನೀರು ತಡೆಯುವ ಶಕ್ತಿಯನ್ನು 50 ಮೀಟರ್ ಎಂದು ನಮೂದಿಸಲಾಗುತ್ತದೆ. ಕೆಲವು ಸಾವಿರ ರೂಪಾಯಿಗೆ ಸಿಗುವ ಕ್ಯಾಸಿಯೋ ಜಿ-ಶಾಕ್ 200 ಮೀಟರ್ ಒತ್ತಡ ತಡೆಯುತ್ತದೆ. 1983ರಲ್ಲಿ ಬಂದ ಅದರ ಮೊದಲ ಮಾದರಿಯನ್ನು ರೂಪಿಸುವಾಗ ಎಂಜಿನಿಯರ್ ಕಿಕುವೊ ಇಬೆ ಇಟ್ಟುಕೊಂಡಿದ್ದ ಗುರಿಗಳಲ್ಲಿ 10 ಮೀಟರ್ ಎತ್ತರದಿಂದ ಬಿದ್ದರೂ ಒಡೆಯಬಾರದು ಎಂಬುದೂ ಒಂದಾಗಿತ್ತು. ಬಾಳಿಕೆಯೇ ನಿಮ್ಮ ಮಾನದಂಡವಾದರೆ, ಸಹೋದರರೇ, ತೀರ್ಪು ಎಂದೋ ಹೊರಬಿದ್ದಿದೆ.

“ಪ್ಲಾಸ್ಟಿಕ್ ಗಡಿಯಾರ ಕಟ್ಟಿಕೊಂಡು ಮದುವೆಗೆ ಹೋಗಲೇ?” ಎಂದು ಕೇಳುವವರಿದ್ದಾರೆ. ಬೇಡ, ಉಕ್ಕಿನದ್ದನ್ನೇ ಕಟ್ಟಿರಿ. ನಮ್ಮ ಕರಾವಳಿಯ ಹಿರಿಯರು ಈ ವಿಷಯದಲ್ಲಿ ನಮಗಿಂತ ಬುದ್ಧಿವಂತರಾಗಿದ್ದರು. ಗಲ್ಫಿನಿಂದ ಮರಳುವಾಗ ಅವರ ಮಣಿಕಟ್ಟಿನಲ್ಲಿ ರಾಡೋ ಇರುತ್ತಿತ್ತು. 1962ರಲ್ಲಿ ಬಂದ ರಾಡೋ ಡಯಾಸ್ಟಾರ್‌ನ ಹೊರಕವಚ ಟಂಗ್‌ಸ್ಟನ್ ಕಾರ್ಬೈಡಿನ ಗಟ್ಟಿಲೋಹದ್ದು, ಗಾಜು ನೀಲಮಣಿ ಹರಳಿನದ್ದು. ಕಾಠಿಣ್ಯದ ಮೋಸ್ ಮಾಪನದಲ್ಲಿ ಮರಳಿನ ಕಣ 7, ನೀಲಮಣಿ ಗಾಜು 9, ಸಾಮಾನ್ಯ ಗಾಜು ಮರಳಿಗಿಂತ ಕೆಳಗೆ. ಮರಳುಗಾಡಿನಲ್ಲಿ ದುಡಿಯುವವನಿಗೆ ಇದು ಅಲಂಕಾರವಲ್ಲ, ಲೆಕ್ಕಾಚಾರ. (ಗಟ್ಟಿತನ ಬೇರೆ, ಪೆಟ್ಟು ತಾಳುವ ಗುಣ ಬೇರೆ ಎಂಬುದನ್ನೂ ನೆನಪಿಡಬೇಕು. ಗೀರು ಬೀಳದ ವಸ್ತು ಕಲ್ಲುನೆಲಕ್ಕೆ ಬಿದ್ದಾಗ ಚೂರಾಗುವುದುಂಟು. ಉಕ್ಕು ಗೀರು ಬೀಳಿಸಿಕೊಂಡು ಬದುಕುತ್ತದೆ.)

ಇನ್ನು ಚಿನ್ನದ ಮಾತು. ಚಿನ್ನವೂ ರೇಷ್ಮೆಯೂ ಈ ಸಮುದಾಯದ ಪುರುಷರಿಗೆ ನಿಷಿದ್ಧ, ಸ್ತ್ರೀಯರಿಗೆ ಅನುಮತಿಸಲ್ಪಟ್ಟಿವೆ ಎಂಬುದನ್ನು ಮದ್ರಸದ ಮಗುವೂ ಬಲ್ಲದು. ಉಂಗುರವೆಂದರೆ ಎಚ್ಚರ ವಹಿಸುವ ನಾವು ಗಡಿಯಾರವೆಂದೊಡನೆ ಕಣ್ಣು ಮುಚ್ಚುತ್ತೇವೆ. 1956ರಿಂದ ಬರುತ್ತಿರುವ ರೋಲೆಕ್ಸ್ ಡೇ-ಡೇಟ್ ಗಡಿಯಾರವನ್ನು ಚಿನ್ನ ಅಥವಾ ಪ್ಲಾಟಿನಮ್ಮಿನಲ್ಲಿ ಮಾತ್ರ ತಯಾರಿಸಲಾಗುತ್ತದೆ. ಅರ್ಧ ಉಕ್ಕು, ಅರ್ಧ ಚಿನ್ನದ ಮಾದರಿಗಳಲ್ಲಿ ಪಟ್ಟಿಯ ನಡುವಿನ ಕೊಂಡಿಗಳು ಚಿನ್ನದ್ದೇ, ಚಿನ್ನದ ಬಣ್ಣದ್ದಲ್ಲ. ದೀನಿನ ಮಾತನ್ನು ಒಂದು ಕ್ಷಣ ಬದಿಗಿಟ್ಟರೂ, 18 ಕ್ಯಾರೆಟ್ ಚಿನ್ನ ಉಕ್ಕಿಗಿಂತ ಮೃದು; ಬೇಗ ಸವೆಯುತ್ತದೆ, ತಗ್ಗು ಬೀಳುತ್ತದೆ. ದಿನಬಳಕೆಯ ಬಾಳಿಕೆಗಾಗಿ ಚಿನ್ನ ಕೊಂಡೆ ಎನ್ನುವವನು ಶರೀಅತ್ತಿಗೂ ಲೋಹಶಾಸ್ತ್ರಕ್ಕೂ ಒಟ್ಟಿಗೇ ಅನ್ಯಾಯ ಮಾಡುತ್ತಾನೆ.

ನಮ್ಮ ದಿನಬಳಕೆ ಎಂದರೆ ಏನು ಎಂಬುದನ್ನು ಗಡಿಯಾರದ ಅಂಗಡಿಯವನು ಬಲ್ಲನೇ? ದಿನಕ್ಕೆ ಐದು ಬಾರಿ ವುಝೂ. ಮೊಣಕೈವರೆಗೆ ಚರ್ಮದ ಪ್ರತಿ ಭಾಗಕ್ಕೂ ನೀರು ತಲುಪಬೇಕಾದ್ದರಿಂದ ಬಿಗಿಯಾದ ಉಂಗುರವನ್ನು ಅಲುಗಾಡಿಸಬೇಕೆಂದು ವಿದ್ವಾಂಸರು ಹೇಳಿದ್ದಾರೆ. ಗಡಿಯಾರಕ್ಕೂ ಅದೇ ನಿಯಮ. ಅಂದರೆ ವರ್ಷಕ್ಕೆ ಸಾವಿರಾರು ಸಲ ಅದನ್ನು ಬಿಚ್ಚಬೇಕು ಅಥವಾ ಮೇಲೆ ಸರಿಸಬೇಕು. ಚರ್ಮದ ಪಟ್ಟಿ ಈ ಒದ್ದೆಗೆ ಬೇಗ ಕೊಳೆಯುತ್ತದೆ, ನಾರುತ್ತದೆ. ಮಡಚುವ ಕೊಂಡಿಯ ಉಕ್ಕಿನ ಪಟ್ಟಿ ಅಥವಾ ರಬ್ಬರ್ ಪಟ್ಟಿ ಉಳಿಯುತ್ತದೆ. ಫಲಕದ ಮೇಲೆ 30 ಮೀಟರ್ ಎಂದಿದ್ದರೆ ಅದನ್ನು ಕಟ್ಟಿಕೊಂಡು 30 ಮೀಟರ್ ಆಳಕ್ಕೆ ಇಳಿಯಬಹುದೆಂದಲ್ಲ, ಹನಿಗಳು ಸಿಡಿದರೆ ತಡೆಯುತ್ತದೆ ಎಂದಷ್ಟೇ ಅರ್ಥ. ನಳ್ಳಿಯ ಕೆಳಗೆ ನಿತ್ಯ ಕೈಯೊಡ್ಡುವವನು 100 ಮೀಟರ್‌ಗಿಂತ ಕಡಿಮೆಯದನ್ನು ಕೊಳ್ಳದಿರುವುದು ಒಳ್ಳೆಯದು. ಒಳಗಿನ ರಬ್ಬರ್ ವಾಷರ್ ಕಾಲಕ್ರಮೇಣ ಒಣಗಿ ಗಟ್ಟಿಯಾಗುತ್ತದೆ. ಅದನ್ನು ಬದಲಿಸಿ ಒತ್ತಡ ಪರೀಕ್ಷೆ ಮಾಡಿಸದಿದ್ದರೆ ಐದು ಲಕ್ಷದ ಗಡಿಯಾರದೊಳಗೂ ನೀರು ಹೋಗುತ್ತದೆ.

ಬಿಚ್ಚಿದ ಗಡಿಯಾರವನ್ನು ಎಲ್ಲಿಡುತ್ತೀರಿ? ಹೌಝಿನ ಕಟ್ಟೆಯ ಮೇಲೆ. ಅಲ್ಲಿ ಅದನ್ನು ನಿಶ್ಚಿಂತೆಯಿಂದ ಇಡಬಲ್ಲಿರಾ? ಜಾರಿ ಹಾಸುಗಲ್ಲಿಗೆ ಬಿದ್ದರೆ ಎದೆ ಝಲ್ಲೆನ್ನುವ, ಮರೆತು ಸಫ್‌ನಲ್ಲಿ ನಿಂತರೆ ನಮಾಝಿನುದ್ದಕ್ಕೂ ಮನಸ್ಸು ಕಟ್ಟೆಯ ಬಳಿಯೇ ಕಾವಲು ನಿಲ್ಲುವ ಗಡಿಯಾರ ದಿನಬಳಕೆಯದ್ದಲ್ಲ. ಅದನ್ನು ನೀವು ಬಳಸುತ್ತಿಲ್ಲ, ಅದರ ಸೇವೆಯಲ್ಲಿದ್ದೀರಿ. ಎಷ್ಟೋ ಮಂದಿ ಲಕ್ಷಗಳನ್ನು ಕೊಟ್ಟು ಕೊಂಡದ್ದನ್ನು ಲಾಕರಿನಲ್ಲಿಟ್ಟು, ದಿನನಿತ್ಯಕ್ಕೆ ಬೇರೊಂದನ್ನು ಕಟ್ಟಿಕೊಂಡು ತಿರುಗುವುದು ಈ ಕಾರಣಕ್ಕೇ. ಒಂದೇ ಗಡಿಯಾರ ಸಾಕೆಂಬ ಮೂಲವಾದ ಅಲ್ಲಿಗೆ ಮುಗಿಯಿತು.

“ಆದರೆ ಇದು ಹೂಡಿಕೆ” ಎಂಬ ಕೊನೆಯ ಅಸ್ತ್ರ ಆಗ ಹೊರಬರುತ್ತದೆ. ಸರಿ, ಹೂಡಿಕೆಯೆಂದೇ ಒಪ್ಪೋಣ. ಸ್ವಂತ ಬಳಕೆಯ ಉಕ್ಕಿನ ಗಡಿಯಾರಕ್ಕೆ ಝಕಾತ್ ಇಲ್ಲ. ಆದರೆ ಲಾಭಕ್ಕೆ ಮಾರುವ ಉದ್ದೇಶದಿಂದಲೇ ಕೊಂಡ ವಸ್ತು ವ್ಯಾಪಾರದ ಸರಕೆಂಬುದು ಬಹುಸಂಖ್ಯಾತ ವಿದ್ವಾಂಸರ ನಿಲುವು. ಪ್ರತಿವರ್ಷ ಅದರ ಅಂದಿನ ಮಾರುಕಟ್ಟೆ ಬೆಲೆಯ ಮೇಲೆ ಶೇಕಡಾ 2.5ರಷ್ಟು ಝಕಾತ್ ಕಡ್ಡಾಯ. ಆರು ಲಕ್ಷದ ಗಡಿಯಾರಕ್ಕೆ ವರ್ಷಕ್ಕೆ 15,000 ರೂಪಾಯಿ. ಪತ್ನಿಯ ಮುಂದೆ, ಗೆಳೆಯರ ಮುಂದೆ ಅದನ್ನು ಹೂಡಿಕೆ ಎನ್ನುವ ಎಷ್ಟು ಮಂದಿ ರಮಝಾನಿನಲ್ಲಿ ಲೆಕ್ಕ ಹಾಕುವಾಗಲೂ ಹಾಗೆಯೇ ಎನ್ನುತ್ತಾರೆ? ಕೊಳ್ಳುವಾಗ ಹೂಡಿಕೆ, ಝಕಾತಿನ ಹೊತ್ತಿಗೆ ಸ್ವಂತ ಬಳಕೆ! ಹೂಡಿಕೆಯಾಗಿಯೂ ಅದು ಭದ್ರವಲ್ಲ. ಕೈಬದಲಾದ ರೋಲೆಕ್ಸ್, ಪಾಟೆಕ್ ಗಡಿಯಾರಗಳ ಬೆಲೆ 2022ರ ಆರಂಭದಲ್ಲಿ ಶಿಖರ ಮುಟ್ಟಿ ಆಮೇಲೆ ಗಣನೀಯವಾಗಿ ಇಳಿಯಿತು. ಕಂತಿನಲ್ಲಿ ಬಡ್ಡಿ ತೆತ್ತು ಕೊಂಡವರ ಬಗ್ಗೆ ಇಲ್ಲಿ ಹೇಳುವುದೇನೂ ಇಲ್ಲ, ಬಡ್ಡಿಯ ವಿಧಿ ಅವರಿಗೂ ಗೊತ್ತು.

ನನಗೆ ಅತ್ಯಂತ ನೋವು ತರುವುದು ಬೇರೊಂದು. ತನ್ನ ದುಡಿಮೆಯಲ್ಲಿ ತಾನು ಕೊಂಡವನು ತನ್ನ ಲೆಕ್ಕವನ್ನು ತಾನು ಒಪ್ಪಿಸುತ್ತಾನೆ. ಆದರೆ ನಿಕಾಹ್‌ನ ಮಾತುಕತೆಯಲ್ಲಿ ಮದುಮಗನಿಗೆ “ಒಳ್ಳೆಯ ಒಂದು ವಾಚ್” ಎಂದು ಮೆಲುದನಿಯಲ್ಲಿ ಸೂಚಿಸಲಾಗುತ್ತದಲ್ಲ, ಆ ವಾಚಿನ ಬೆಲೆಯನ್ನು ತೆರುವವನು ಹುಡುಗಿಯ ತಂದೆ. ಅದು ಉಡುಗೊರೆಯಂತೆ, ವರದಕ್ಷಿಣೆಯಲ್ಲವಂತೆ! ಮಹ್ರ್ ಎಂಬುದು ಗಂಡು ಹೆಣ್ಣಿಗೆ ಕೊಡಬೇಕಾದ ಹಕ್ಕು. ಮಹ್ರನ್ನು ನೆಪಮಾತ್ರದ ಮೊತ್ತಕ್ಕೆ ಇಳಿಸಿ, ಆಕೆಯ ತಂದೆಯ ಸಾಲದಲ್ಲಿ ತನ್ನ ಮಣಿಕಟ್ಟನ್ನು ಸಿಂಗರಿಸಿಕೊಳ್ಳುವ ಯುವಕ ಬಾಳಿಕೆಯ ಮಾತಾಡುವುದು ಹೇಗೆ? ಆ ಗಡಿಯಾರ ಐವತ್ತು ವರ್ಷ ಬಾಳಿದರೆ ಐವತ್ತು ವರ್ಷವೂ ಅದು ಆ ಮನೆಯ ಸಾಲವನ್ನೇ ಸಾರುತ್ತಿರುತ್ತದೆ. ವರದಕ್ಷಿಣೆಯ ವಿರುದ್ಧ ವೇದಿಕೆ ಏರುವ ನಮ್ಮ ಸಂಘಟನೆಗಳು ಈ ವಸ್ತುವನ್ನು ಹೆಸರು ಹಿಡಿದು ಪಟ್ಟಿಗೆ ಸೇರಿಸಬೇಕಾದ ಕಾಲ ಬಂದಿದೆ.

ದುಬಾರಿ ಕಂಪನಿಗಳ ಪರವಾಗಿ ಹೇಳಬೇಕಾದ ಎರಡು ಮಾತು ಇವೆ, ಹೇಳಿಬಿಡುತ್ತೇನೆ. ಮೊಬೈಲ್ ಕವರು, ಚೀಲದ ಗುಂಡಿಗಳ ಅಯಸ್ಕಾಂತದಿಂದ ಯಾಂತ್ರಿಕ ಗಡಿಯಾರದ ಓಟ ಕೆಡುತ್ತದೆ. ಒಮೆಗಾ ಕಂಪನಿಯ ಮಾಸ್ಟರ್ ಕ್ರೋನೋಮೀಟರ್‌ಗಳು 15,000 ಗಾಸ್ ಕಾಂತಕ್ಷೇತ್ರವನ್ನು ತಡೆಯುವಂತೆ ಪರೀಕ್ಷಿಸಲ್ಪಟ್ಟಿವೆ. ರೋಲೆಕ್ಸ್ ಬಳಸುವ 904ಎಲ್ ಉಕ್ಕು ಸಾಮಾನ್ಯವಾಗಿ ಬಳಕೆಯಾಗುವ 316ಎಲ್‌ಗಿಂತ ತುಕ್ಕನ್ನು ಹೆಚ್ಚು ತಡೆಯುತ್ತದೆ. ಆದರೆ ಗೀರು ಎರಡಕ್ಕೂ ಬೀಳುತ್ತದೆ, ಮತ್ತು 316ಎಲ್ ನಮ್ಮ ಬೆವರಿಗೂ ಕಡಲಗಾಳಿಗೂ ಸಾಕಷ್ಟಾಯಿತು. ಮೇಲಾಗಿ ಯಾಂತ್ರಿಕ ಗಡಿಯಾರವನ್ನು ಕೆಲವು ವರ್ಷಗಳಿಗೊಮ್ಮೆ ಬಿಚ್ಚಿ ಎಣ್ಣೆ ಹಾಕಿಸಬೇಕು. ಅದರ ಖರ್ಚಿನಲ್ಲೇ ಒಂದು ಒಳ್ಳೆಯ ಹೊಸ ಗಡಿಯಾರ ಬರುತ್ತದೆ. ಹಲವು ಸ್ವಿಸ್ ಕಂಪನಿಗಳು ಬಿಡಿಭಾಗಗಳನ್ನು ತಮ್ಮ ಅಧಿಕೃತ ಕೇಂದ್ರಗಳ ಹೊರಗೆ ಕೊಡುವುದಿಲ್ಲ. ನಿಮ್ಮೂರಿನಲ್ಲಿ ರಿಪೇರಿಯಾಗದ ವಸ್ತುವಿನ ಬಾಳಿಕೆ ನಿಮ್ಮ ಕೈಯಲ್ಲಿಲ್ಲ, ಅವರ ಕೈಯಲ್ಲಿದೆ.

ಆದ್ದರಿಂದ ಹೊಸದಕ್ಕೆ ಹೊರಡುವ ಮುನ್ನ ಮನೆಯ ಕಪಾಟನ್ನೊಮ್ಮೆ ತೆರೆದು ನೋಡಿರಿ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಗಡಿಯಾರ ತಯಾರಿಸತೊಡಗಿದ ಎಚ್‌ಎಂಟಿಯ ಜನತಾ ಗಡಿಯಾರ, 17 ಕಲ್ಲುಗಳದ್ದು, ಕೀಲಿ ಕೊಡುವಂಥದ್ದು, ಎಷ್ಟೋ ಮನೆಗಳಲ್ಲಿ ತಂದೆಯ ಹಳೆಯ ಕಾಗದಪತ್ರಗಳ ನಡುವೆ ಸುಮ್ಮನೆ ಬಿದ್ದಿದೆ. ಎಚ್‌ಎಂಟಿಯ ಗಡಿಯಾರ ವಿಭಾಗವನ್ನು 2016ರಲ್ಲಿ ಮುಚ್ಚಲು ಸರಕಾರ ತೀರ್ಮಾನಿಸಿತು. ಆದರೂ ಹಳೆಯ ಪೇಟೆಬೀದಿಯಲ್ಲಿ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೂತ ರಿಪೇರಿಯವನಿಗೆ ಅದರ ಒಳಗು ಅಂಗೈಯ ಗೆರೆಯಷ್ಟು ಪರಿಚಿತ. ಬಿಚ್ಚಿ ತೊಳೆಸಿ, ಎಣ್ಣೆ ಹಾಕಿಸಿ, ಹೊಸ ಗಾಜು, ಹೊಸ ಪಟ್ಟಿ ಹಾಕಿಸಿರಿ. ಅದು ನೀರು ತಡೆಯುವುದಿಲ್ಲ, ವುಝೂವಿಗೆ ಮುಂಚೆ ಬಿಚ್ಚಿ ಜೇಬಿಗೆ ಹಾಕಿಕೊಳ್ಳಬೇಕಾಗುತ್ತದೆ.